ನಾಯಿಗ್ರಿ, ನಾಯಿಗೆ

ಹಾಲು ಹಿಡಿಸಲಿಲ್ಲ.
ಹಾಲಿನಾಗ ನೆನೆಸಿದ ರೊಟ್ಟಿ ಹಿಡಿಸಲಿಲ್ಲ.
ಅನ್ನ, ಬ್ಯಾಳಿಕಟ್ಟು, ಅಂಗಡಿಯ ಚೀಲದ ಕಾಳು,
ಎಲ್ಲಾ ನೀರಾಗಿ ಹೊಂಟು ಹೋತು.
ಹೊಟ್ಟಿ ಡೊಳ್ಳು, ಪಕ್ಕಡಿ ಬಾಚಣಿಕಿ,
ಕೆರದೂ ಕೆರದೂ ಕಿವಿ ಹಿಂದ ಕೂದಲಿಲ್ಲ.
ಸಜ್ಜಿ ಹಿಟ್ಟಿನ ಬಣ್ಣದ ಮರಿ. ಹೆಸರೂ ಸಜ್ಜಿ.

ದನದ ದವಾಖಾನಿ ಡಾಕ್ಟರು ಅದರ ಬಾಯಿ ಅಗಲಿಸಿ
"ನೋಡ್ರಿ ಈ ಹಲ್ಲು," ಅಂದ್ರು,
"ಇವು ರೊಟ್ಟಿ ಮುರೀಲಿಕ್ಕೆ ಬಂದವಲ್ಲ.
ಹಸಿ ಮಾಂಸ ಹಾಕಿ ನೋಡ್ರಿ.
ಮೊದಲ ದಿನ ಕಿರುಬೆರಳ ತುದಿಯಷ್ಟು,
ಆಮ್ಯಾಲ ಸಂಡಾಸ ನೋಡ್ಕೋತ ಏರಿಸ್ರಿ.
ಕುದಿಸಿದ ಎಲುಬು ಮಾತ್ರ ಬ್ಯಾಡ."
ಚೀಟಿ ಬರೀಲಿಲ್ಲ. ಇದರ ಅಂಗಡಿ ಬ್ಯಾರೆ.

ಇಪ್ಪತ್ತಾರು ವರ್ಷ ಆತು ಕಲಬುರಗ್ಯಾಗ.
ಡಿಪೋದಾಗ ಪಾಸು ಬರಕೋತ
ಆಳಂದ, ಜೇವರ್ಗಿ, ಅಫಜಲಪುರ ಎಲ್ಲಾ ದಾರಿ ಬಾಯಿಪಾಠ.
ಬಜಾರದ ಹಿಂದಿನ ಆ ಒಂದು ಓಣಿ ಮಾತ್ರ
ಮೂಗಿಗೆ ಸೆರಗು ಹಚ್ಚಿ ದಾಟಿದ್ದು.

ಐತವಾರ. ಸರತಿ ಬಾಗಿಲ ಹೊರಗಿನ ತನಕ.
ಲಾಡ್ಲೇಸಾಬ ಕತ್ತಿ ಒರೆಸಿ, "ಎಷ್ಟು ಕೊಡ್ಲಿ ಅಕ್ಕಾ?" ಅಂದ.
"ನಾಯಿಗ್ರಿ," ಅಂದೆ.
ಯಾರಿಗಂತ ಅವ ಕೇಳಿರಲೇ ಇಲ್ಲ.
ಮತ್ತ ಅಂದೆ, ಥೋಡೆ ಜೋರಲೆ:
"ಮನ್ಯಾಗ ಯಾರೂ ತಿನ್ನಲ್ರಿ. ನಾಯಿಗೆ. ನಾಯಿಗೆ ಅಷ್ಟೇ."
ಓಣಿ ತುದಿಯ ಪಾನ್ ಡಬ್ಬಿಗೂ ಕೇಳಿಸೂ ಹಂಗ.

ಹಿಂದ ಚಂದಮ್ಮ ನಿಂತಿದ್ದಳು,
ದಿನಾ ನನ್ನ ಕುರ್ಚಿ ಕೆಳಗಿನ ಕಸ ಹೊಡಿಯೂ ಚಂದಮ್ಮ.
ಕೈಯಾಗ ಸ್ಟೀಲ್ ಡಬ್ಬಿ, ಡಬ್ಬಿಯೊಳಗ ಮಡಚಿದ ನೋಟು,
ಪಾವ್ ಕಿಲೋ ಬೋಟಿ, ನಾಕು ಮಕ್ಕಳಿಗೆ.
"ಮರಿ ಎಷ್ಟು ತಿಂಗಳದ್ರಿ ಬಾಯಾರೆ?"
ಅಷ್ಟೇ ಕೇಳಿದ್ದು.
ಅದೇ ಕೊರಡಿನ ಮ್ಯಾಲ, ಅದೇ ಕತ್ತಿಲೆ, ಅದೇ ತಕ್ಕಡ್ಯಾಗ
ಮೊದಲು ನಂದು,
ಆಮ್ಯಾಲ ಆಕಿದು.

ಫ್ರಿಜ್ಜಿನಾಗ ಇಡಬ್ಯಾಡ ಅಂದಿದ್ರು ಅತ್ತಿ.
ಐಸ್‌ಕ್ರೀಂ ಡಬ್ಬಿಗೆ ಹಾಕಿ, ಮೂರು ಕ್ಯಾರಿಬ್ಯಾಗ್ ಸುತ್ತಿ,
ಮ್ಯಾಲ "ಮೆಹಂದಿ" ಅಂತ ಬರದು
ಹಾಲಿನ ಪಾಕೀಟ ಹಿಂದ ತಳ್ಳಿದೆ.
ಅತ್ತಿಗೆ ಓದಲಿಕ್ಕೆ ಬರಲ್ಲ. ವಾಸನಿ ಬರತದ.
ಒಂದು ವಾರ ಏನೂ ಅನಲಿಲ್ಲ.
ಎಂಟನೇ ದಿನ ಚಹಾ ಸೋಸಿಕೋತ,
"ನಿನ್ನ ಮೆಹಂದಿ ತೀರ್ಯಾದ ನೋಡು," ಅಂದ್ರು.

ಹಿತ್ತಲ ಶಹಾಬಾದಿ ಪರಸಿ ಮ್ಯಾಲ ಮೊದಲ ತುಣುಕು ಇಟ್ಟಾಗ
ಸಜ್ಜಿ ಮೂಸಿತು, ಹಿಂದ ಸರೀತು, ಅದಕ್ಕೇ ಬೊಗಳಿತು.
ಕಾಲಿಲೆ ತಿರುವಿ ನನ್ನ ಮುಖ ನೋಡಿತು,
ನನಗೇನು? ಖರೇನು?
ಆಮ್ಯಾಲ ಒಂದೇ ಗುಟುಕು.
ನಾ ಉಪ್ಪು ಹಚ್ಚಿ ಕೈ ತೊಳಕೊಂಡೆ,
ನಿಂಬಿ ಹಚ್ಚಿ ಮತ್ತ ತೊಳಕೊಂಡೆ.

ಮೂರನೇ ವಾರಕ್ಕ ಕಿವಿ ಹಿಂದ ಕೂದಲು ಮೊಳೀತು.
ಸಂಡಾಸ ಗಟ್ಟಿ ಆತು.
ಮಗನ ಹತ್ತನೇತ್ತ ರಿಜಲ್ಟಿಗೂ ಇಷ್ಟು ಕುಣಿದಿದ್ದಿಲ್ಲ ನಾನು.

ನಿನ್ನೆ ಕುರಿಯ ಕುತ್ತಿಗಿ ಎಲುಬು ಕೊಟ್ಟು
ತಲಿ ಸವರಲಿಕ್ಕೆ ಬಗ್ಗಿದೆ.
ಗುರ್ ಅಂತು.
ಹೊಲಿಗಿ ಮಷೀನಿನಷ್ಟೇ ಸಣ್ಣ ಸಪ್ಪಳ,
ಆದ್ರ ಭಾಳ ಹಳೇದು, ನನ್ನ ಮನಿಗಿಂತ ಹಳೇದು.
ರಾತ್ರಿ ನನ್ನ ಸೀರಿ ನೆರಿಗ್ಯಾಗ ಮಲಗೂ ಮರಿ
ಗುರ್ತೇ ಇಲ್ಲದಂಗ ನೋಡಿತು.
ಕೈ ತಕ್ಕೊಂಡೆ. ಸಿಟ್ಟು ಬರಲಿಲ್ಲ.
ಅದರ ಊಟ.
ಯಾರಿಗಂತ, ಯಾಕಂತ
ಅದು ಯಾರ ಮುಂದೂ ಹೇಳಬೇಕಾಗಿಲ್ಲ.

ನಾಳಿಗೆ ಐತವಾರ.
ಬಚ್ಚಲದಾಗ ಒಮ್ಮೆ ಅಂದು ನೋಡಿದೆ:
"ಅರ್ಧ ಕಿಲೋ ಕೊಡ್ರಿ."
ಅಷ್ಟೇ. ಮುಂದ ಏನೂ ಬ್ಯಾಡ.
ನಾಲಿಗಿ ತುದಿಗೆ ಬಂದು ಕುಂತೇ ಅದ ನಾಯಿ,
ಬಾಲ ಆಡಿಸ್ಕೋತ.